ಪೆನ್ಸಿಲ್ವೇನಿಯದ ರೋಸ್

"ಓಟು ಯಾರಿಗೆ ಅಂತ ನಾನು ಕೇಳಲೇ ಇಲ್ಲ ಮಾರಾಯ. ನಿನ್ನ ಎದುರುಮನೆಯವರ ಅಂಗಳದಲ್ಲಿ ಎಂತ ಬೋರ್ಡ್ ಉಂಟು, ಅಷ್ಟು ಹೇಳು," ಎಂದ ಮೌರಿಸ್, ಒಂದು ಕೈಯಲ್ಲಿ ಕೆಂಪು ಪೆನ್ಸಿಲು, ಇನ್ನೊಂದರಲ್ಲಿ ನೀಲಿ ಪೆನ್ಸಿಲು ಹಿಡಿದುಕೊಂಡು. ಫೋನು ಸ್ಪೀಕರಿನಲ್ಲಿತ್ತು. ಊಟದ ಮೇಜಿನ ತುಂಬ ಅಮೆರಿಕದ ನಕ್ಷೆ ಹರಡಿತ್ತು. ಇಗರ್ಜಿಯ ಆನ್‌ಲೈನ್ ಪೂಜೆ ಮುಗಿದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಒಹಾಯೊದಲ್ಲಿ ಶನಿವಾರ ರಾತ್ರಿ, ಉಂಡು ಕೂತ ಜನ ಬಾಯಿ ಬಿಡುವ ಹೊತ್ತು. ಅಧ್ಯಕ್ಷರ ಚುನಾವಣೆಗೆ ಎರಡೇ ದಿನ ಉಳಿದಿತ್ತು.

ಇದು ಮೌರಿಸ್ ಸ್ವಂತವಾಗಿ ಕಂಡುಕೊಂಡ ವಿದ್ಯೆ. ಯಾವ ರಾಜ್ಯ ಯಾವ ಕಡೆ ವಾಲುತ್ತದೆ ಎಂದು ಪತ್ರಿಕೆಯವರು ಸಾವಿರಾರು ಜನರನ್ನು ಕೇಳಿ ಲೆಕ್ಕ ಹಾಕುತ್ತಾರೆ. ಮೌರಿಸ್ ತನ್ನ ಬಳಗವನ್ನು ಕೇಳುತ್ತಿದ್ದ. ಅಮೆರಿಕದಲ್ಲಿ ಜನ ತಮ್ಮ ಪಕ್ಷದ ಬೋರ್ಡನ್ನು ಮನೆಯಂಗಳದಲ್ಲೇ ನೆಡುತ್ತಾರೆ, ಒಂದು ಪಕ್ಷದ್ದು ಕೆಂಪು, ಇನ್ನೊಂದರದ್ದು ನೀಲಿ. ಮಂಗಳೂರಿನ ಕ್ರೈಸ್ತ ಕುಟುಂಬ ಎಂದಮೇಲೆ ರಾಜ್ಯಕ್ಕೊಬ್ಬರು ಸಿಗದಿರುತ್ತಾರೆಯೇ? ಒಹಾಯೊದಲ್ಲಿ ಚಿಕ್ಕಪ್ಪನ ಮಗ ಡೆಸ್ಮಂಡ್, ಟೆಕ್ಸಸ್‌ನಲ್ಲಿ ಸೋದರತ್ತೆಯ ಮಗಳು ಅನಿತಾ, ಫ್ಲೋರಿಡಾದಲ್ಲಿ ಹೆಂಡತಿ ಅನ್ನಿಯ ಅಣ್ಣ. ತಮ್ಮ ಓಟಿನ ಬಗ್ಗೆ ಕೇಳಿದರೆ ಎಲ್ಲರೂ ನುಣುಚಿಕೊಳ್ಳುತ್ತಾರೆ, ಆದರೆ ನೆರೆಮನೆಯ ಸುದ್ದಿ ಕೇಳಿದರೆ ನಮ್ಮವರು ಸುಳ್ಳು ಹೇಳುವುದಿಲ್ಲ ಎನ್ನುವುದು ಅವನ ನಂಬಿಕೆ. ಕಳೆದ ಸಲ ಪಂಡಿತರೆಲ್ಲ ಮುಗ್ಗರಿಸಿದಾಗ ಪೆನ್ಸಿಲ್ವೇನಿಯ, ಮಿಷಿಗನ್ ಎರಡಕ್ಕೂ ಕೆಂಪು ಬಳಿದು ಕೂತಿದ್ದ ಆಸಾಮಿ ಇವನೇ. ಅಂದಿನಿಂದ ಮಲೇಷ್ಯಾದ ಕನ್ನಡದವರಲ್ಲಿ ಇವನ ತೂಕವೇ ಬೇರೆ. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರ್ ನಿತ್ಯಾನಂದರು ಈ ಬಾರಿ ಎಣಿಕೆಯ ಬುಧವಾರ ಬೆಳಿಗ್ಗೆ ಎಲ್ಲ ಕುಟುಂಬಗಳಿಗೂ ಝೂಮ್ ಇಟ್ಟು, ಮೌರಿಸನನ್ನು ಮುಖ್ಯ ಅತಿಥಿ ಮಾಡಿದ್ದರು. ದಿನವಿಡೀ ಹಡಗಿನ ಕಂಟೇನರುಗಳು ಎಲ್ಲಿ ಸಿಕ್ಕಿಕೊಂಡಿವೆ ಎಂದು ಹುಡುಕುವ ನೌಕರಿಯವನಿಗೆ ಇದೇನು ಸಣ್ಣ ಮರ್ಯಾದೆಯೇ?

ನಕ್ಷೆಯಲ್ಲಿ ಅವನನ್ನು ಕಾಡುತ್ತಿದ್ದದ್ದು ಪೆನ್ಸಿಲ್ವೇನಿಯ. ಎಲ್ಲ ಅದರ ಮೇಲೆಯೇ ನಿಂತಿದೆ ಎಂದು ಟೀವಿಯವರು ಬಡಿದುಕೊಳ್ಳುತ್ತಿದ್ದರು. ಅಲ್ಲಿ ಇದ್ದವಳು ಸ್ವಂತ ತಂಗಿ ರೋಶ್ನಿ, ಆದರೆ ಅವಳು ಕೆಲವು ದಿನಗಳಿಂದ ಫೋನು ಎತ್ತುತ್ತಿರಲಿಲ್ಲ. ಮಗಳು ಕ್ರಿಸ್ಟಿಯ ಮದುವೆ ಕೊರೊನಾದಿಂದ ಮುಂದಕ್ಕೆ ಹೋಯಿತಲ್ಲ, ಆ ಬೇಜಾರಿರಬೇಕು ಎಂದುಕೊಂಡು ಮೌರಿಸ್ ಸುಮ್ಮನಿದ್ದ. ಬೇಜಾರು ಅವನಿಗೂ ಇತ್ತು. ಕ್ರಿಸ್ಟಿಗೆ ಅವನು ಸೋದರಮಾವ ಮಾತ್ರವಲ್ಲ, ಗಾಡ್‌ಫಾದರ್. ದೀಕ್ಷಾಸ್ನಾನದ ದಿನ ಕೂಸನ್ನು ಎದೆಗೆ ಹಿಡಿದು ನಿಂತವನು. ಮುಂದೆ ಅವಳು ಸುಬಾಂಗ್‌ನ ಕಾಲೇಜಿಗೆ ಸೇರಿದಾಗ ಓದು ಮುಗಿಯುವ ತನಕ ಇದ್ದದ್ದು ಇದೇ ಮನೆಯಲ್ಲಿ. ಮಕ್ಕಳಿಲ್ಲದ ಮನೆಯಲ್ಲಿ ಆಗ ಬಾತ್‌ರೂಮಿಗೂ ಜಗಳ, ಟೀವಿಗೂ ಜಗಳ. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್‌ನಲ್ಲಿ ಅಪ್ಪ ಅಮ್ಮನ ಬಳಿಕ ತನ್ನ ಕೈ ಎಂದು ಅವನು ಎಷ್ಟೋ ಸಲ ಹೇಳಿದ್ದ. "ಕಿವಿಯೊಳಗೆಲ್ಲ ಹೊಯ್ತೇನೆ, ನೋಡ್ತಾ ಇರು," ಎಂದರೆ ಅವಳು, "ಡೋಂಟ್ ಯು ಡೇರ್, ಮಾಮ," ಎನ್ನುತ್ತಿದ್ದಳು. ಗಡಿ ತೆರೆದ ಮೊದಲ ವಿಮಾನಕ್ಕೇ ಹೋಗುವುದೆಂದು ಹೊಲಿಸಿದ ಸೂಟು ಪ್ಲಾಸ್ಟಿಕ್ ಚೀಲದಲ್ಲಿ ನೇತಾಡುತ್ತಿತ್ತು.

ಡೆಸ್ಮಂಡನ ಎದುರುಮನೆಯೂ ಕೆಂಪು, ಪಕ್ಕದ್ದೂ ಕೆಂಪು. ಒಹಾಯೊ ಮುಗಿಯಿತು. "ಆಚೆ ಪೆನ್ಸಿಲ್ವೇನಿಯದ ಸುದ್ದಿ ಏನಾದರೂ ಉಂಟಾ?" ಎಂದು ಮೌರಿಸ್ ಸುಮ್ಮನೆ ಕೇಳಿದ.

"ಉಂಟಲ್ಲ ಅಣ್ಣ, ಕಣ್ಣಾರೆ ನೋಡಿದ್ದು. ಕಳೆದ ವಾರ ಡ್ರೈವ್ ಮಾಡಿಕೊಂಡೇ ಹೋದದ್ದು. ಹೈವೇ ಬದಿ ಪೂರಾ ಕೆಂಪು, ಆದರೆ ರೋಶ್ನಿ ಅಕ್ಕನ ಬೀದಿ ಹೊಕ್ಕ ಕೂಡಲೇ ನೀಲಿ. ರೋಸ್ ದಿನ ನಾನು ಕೂತು ಲೆಕ್ಕವೇ ಹಾಕಿದೆ, ನೀವು ಕೇಳ್ತೀರಿ ಅಂತ..." ಎಂದವನು ಅಲ್ಲಿಗೆ ನಿಂತ.

ಮೌರಿಸನ ಕೈಯ ಪೆನ್ಸಿಲು ಅಲ್ಲೇ ಉಳಿಯಿತು. ಯಾರ ರೋಸ್ ಎಂದು ಕೇಳಿದ. ಮತ್ತೆ ಕೇಳಿದ.

"ನಿಮಗೆ ಇನ್ನೂ ಹೇಳಲಿಲ್ವಾ ಅಣ್ಣ? ಅನ್ನಿ ಅತ್ತಿಗೆ ಝೂಮಿನಲ್ಲಿ ಇದ್ದರಲ್ಲ. ಬಟ್ಟಲಿಟ್ಟುಕೊಂಡು ಕೂತಿದ್ದರು, ಲ್ಯಾಪ್‌ಟಾಪಿಗೇ ಹಾಲು ಹಚ್ಚಿ ನಮ್ಮನ್ನೆಲ್ಲ ನಗಿಸಿದರು. ನಾನು ಅಂದುಕೊಂಡೆ ನಿಮಗೆ ಗೊತ್ತಾಗಿರಬೇಕು ಅಂತ."

ಫೋನಿಟ್ಟ ಮೇಲೆ ಮೌರಿಸ್ ಬಹಳ ಹೊತ್ತು ನಕ್ಷೆಯನ್ನೇ ನೋಡುತ್ತ ಕೂತ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ. ಒಂದು ವಾರದಿಂದ ಲ್ಯಾಪ್‌ಟಾಪಿನ ಎರಡು ಕೀಗಳು ಅಂಟಿಕೊಳ್ಳುತ್ತಿದ್ದವು, ಆಫೀಸಿನವರು ಕೊಟ್ಟ ಡಬ್ಬ ಮಾಲು ಎಂದು ಅವನು ಬೈದೂ ಇದ್ದ. ಅದಕ್ಕೂ ಮುಂಚಿನ ಶುಕ್ರವಾರ ಮಾಸ್ಕ್ ಹಾಕಿ, ಕ್ಯೂ ನಿಂತು, ಹಣೆಗೆ ಟೆಂಪರೇಚರ್ ಗನ್ ಹಿಡಿಸಿಕೊಂಡು ತಮಿಳರ ಅಂಗಡಿಯಿಂದ ಒಳ್ಳೆ ತೆಂಗಿನಕಾಯಿ ಆರಿಸಿ ತಂದವನೂ ಅವನೇ. ನಾಳೆ ಕೋಳಿ ಮಾಡುತ್ತೇನೆ ಎಂದಿದ್ದಳು ಅನ್ನಿ. ಮರುದಿನ ಬೆಳಿಗ್ಗೆ ಎದ್ದ ಕೂಡಲೇ ರೊಟ್ಟಿ ಚನಾಯ್ ತಿನ್ನುವ ಆಸೆಯಾಗಿದೆ ಎಂದು ಅವನನ್ನು ತಪಾವ್ ಕಟ್ಟಿಸಿಕೊಂಡು ತರಲು ಕಳಿಸಿದ್ದಳು, ಅದೂ ಹತ್ತಿರದ ಮಾಮಕ್ ಹೋಟೆಲು ಬೇಡ, ಸ್ಟೇಷನ್ನಿನ ಆಚೆಯದ್ದೇ ಆಗಬೇಕು ಎಂದು. ಪಾಪ, ಮನೆಯಲ್ಲೇ ಕೂತು ಬೇಸತ್ತಿದ್ದಾಳೆ ಎಂದು ಖುಷಿಯಿಂದ ಹೋಗಿದ್ದ. ಮಧ್ಯಾಹ್ನ ಕೋಳಿ ಇರಲಿಲ್ಲ, ಬೇಳೆಸಾರು. ಅವನು ಯಾಕೆ ಎಂದು ಕೇಳಿರಲೂ ಇಲ್ಲ.

ಆಮೇಲೆ ಅವನು ಟೆಕ್ಸಸ್‌ಗೆ ಫೋನು ಮಾಡಿದ. ಎಂದಿನಂತೆ ಅಂಗಳದ ಬೋರ್ಡು ಕೇಳಿದ, ಎಂದಿನಂತೆ ಅನಿತಾ ನಗುತ್ತ ಹೇಳಿದಳು. ಇಡುವ ಮುಂಚೆ, ರೋಸ್ ಚೆನ್ನಾಗಿ ಆಯಿತಂತಲ್ಲ ಎಂದ. ಅನಿತಾ ಒಲೆಯ ಮೇಲೆ ಏನೋ ಇದೆ ಎಂದು ಫೋನಿಟ್ಟಳು. ಫ್ಲೋರಿಡಾದ ಬಾವ, ತನಗೇನೂ ಗೊತ್ತಿಲ್ಲ, ಹೆಂಗಸರೇ ಮಾಡಿದ್ದು ಎಂದ. ಮಿಷಿಗನ್ ಎತ್ತಲೇ ಇಲ್ಲ. ಅಷ್ಟರೊಳಗೆ ಎಲ್ಲರಿಗೂ ಮೆಸೇಜು ಹೋಗಿರಬೇಕು. ಮೂರು ತಿಂಗಳಿಂದ ತಾನು ನೆರೆಮನೆಯ ಸುದ್ದಿ ಕೇಳುತ್ತಿದ್ದಾಗ ಇವರೆಲ್ಲ ತನ್ನ ಮನೆಯ ಸುದ್ದಿಯನ್ನೇ ತನ್ನಿಂದ ಮುಚ್ಚಿಟ್ಟುಕೊಂಡು ನಗುನಗುತ್ತ ಮಾತಾಡಿದರಲ್ಲ ಎಂದುಕೊಂಡು ಅವನು ಫೋನನ್ನು ಮೇಜಿನ ಮೇಲೆ ಕವುಚಿಟ್ಟ.

ಅನ್ನಿ ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಸ್ಪೀಕರಿನಲ್ಲಿ ಆಡಿದ ಮಾತು ಅವಳಿಗೆ ಕೇಳಿಯೇ ಇತ್ತು. ಅವನು ಬಾಗಿಲಲ್ಲಿ ನಿಂತಾಗ ನಲ್ಲಿ ನಿಲ್ಲಿಸಿದಳು, ತಿರುಗಲಿಲ್ಲ.

"ತೆಂಗಿನಕಾಯಿ ಯಾರು ತಂದದ್ದು ಅನ್ನಿ?" ಎಂದ ಮೌರಿಸ್.

ಅವಳು ಕೈ ಒರೆಸಿಕೊಂಡಳು. ಒಮ್ಮೆ ಬಾಯಿಬಿಟ್ಟ ಮೇಲೆ ಎಲ್ಲವನ್ನೂ ಹೇಳಿದಳು. ಜೂನ್ ತಿಂಗಳ ನಿಶ್ಚಿತಾರ್ಥದ ಝೂಮಿನಲ್ಲಿ ಅವನು ಹುಡುಗನ ಅಪ್ಪನನ್ನು, ನಿಮ್ಮ ಅಂಗಳದಲ್ಲಿ ಯಾವ ಬೋರ್ಡು ಎಂದು ಕೇಳಿದ್ದು ನೆನಪಿದೆಯೇ? ಆ ಮನುಷ್ಯ ಹೇಳಿದ್ದಕ್ಕೆ ಇವನು ಎದುರು ಹೇಳಿ, ಅವರು ಅದಕ್ಕೆ ಎದುರು ಹೇಳಿ, ಉಂಗುರ ಹಾಕುವ ಹೊತ್ತಿಗೆ ಎರಡೂ ಕಡೆಯವರು ಮುಖ ಊದಿಸಿಕೊಂಡು ಕೂತದ್ದು? ಮೌರಿಸನಿಗೆ ನೆನಪಿತ್ತು. ಅದು ಬೀಗರ ನಡುವಿನ ಸ್ನೇಹದ ಮಾತು ಎಂದೇ ಅವನು ಇದುವರೆಗೆ ತಿಳಿದಿದ್ದ. ಮದುವೆ ನಿಂತೇ ಹೋಗುತ್ತಿತ್ತಂತೆ, ರೋಶ್ನಿ ಕಾಲು ಹಿಡಿದಂತೆ ಬೇಡಿಕೊಂಡು ಸರಿಮಾಡಿದಳಂತೆ.

"ನಿಮ್ಮ ಬಾಯಿಗೆ ಹೆದರಿದ್ದು, ಬೇರೆ ಎಂತದ್ದೂ ಅಲ್ಲ," ಎಂದಳು ಅನ್ನಿ. "ಮದುವೆ ಮುಂದಕ್ಕೆ ಹೋಗಿದೆ ಅಂತ ನಿಮಗೆ ಮಾತ್ರ ಹೇಳಿದ್ದು, ರೋಸಿನ ಮರುದಿನವೇ ಆಯ್ತು. ಎಲೆಕ್ಷನ್ ಮುಗಿದ ಮೇಲೆ ಮೆಲ್ಲ ಹೇಳುವ ಅಂತ ಇತ್ತು."

"ರೋಶ್ನಿ ಹೇಳಿದಳು, ನೀನು ಹೂಂ ಅಂದೆ."

"ರೋಶ್ನಿ ಅಲ್ಲ." ಅನ್ನಿ ಈಗ ಅವನ ಕಡೆ ತಿರುಗಿದಳು. "ಕ್ರಿಸ್ಟಿಯೇ ಫೋನು ಮಾಡಿದ್ದು. ಮಾಮನಿಗೆ ಹೇಳಬೇಡ ಆಂಟಿ, ಪ್ಲೀಸ್, ಅಂತ. ಅತ್ತಳು. ನಾನು ಎಂತ ಮಾಡಲಿ?"

ಇದನ್ನು ಅವನು ಎಣಿಸಿರಲಿಲ್ಲ. ತಂಗಿಯ ಮೇಲೆ ಸಿಟ್ಟು ಮಾಡಬಹುದಿತ್ತು, ಹೆಂಡತಿಯ ಮೇಲೂ ಮಾಡಬಹುದಿತ್ತು. ಆ ಕೂಸಿನ ಮೇಲೆ ಸಿಟ್ಟು ಮಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿಕೊಂಡ.

"ನನ್ನ ಜಾಗದಲ್ಲಿ ಯಾರು ಹಚ್ಚಿದ್ದು?"

"ಡೆಸ್ಮಂಡ್," ಎಂದಳು ಅನ್ನಿ.

ಮತ್ತೆರಡು ದಿನ ಆ ಮನೆಯಲ್ಲಿ ಅಕ್ಕಿ ಆಯಿತೇ, ಗ್ಯಾಸು ಆಫ್ ಮಾಡಿದೆಯೇ ಎಂಬಷ್ಟೇ ಮಾತು. ಬುಧವಾರ ಬೆಳಿಗ್ಗೆ ನಿತ್ಯಾನಂದರ ಫೋನು ಬಂದಾಗ, ಮೈ ಸರಿ ಇಲ್ಲ ಎಂದು ಹೇಳಿಬಿಡೋಣ ಎಂದು ಅವನಿಗೆ ಅನಿಸಿತ್ತು. ಆದರೆ ಈ ಕಾಲದಲ್ಲಿ ಮೈ ಸರಿ ಇಲ್ಲ ಎಂದರೆ ಊರೆಲ್ಲ ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ. ಇಸ್ತ್ರಿ ಅಂಗಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ.

ಪರದೆಯ ತುಂಬ ಪರಿಚಯದ ಮುಖಗಳು. ನಿಲಾಯ್‌ನ ಯೂನಿವರ್ಸಿಟಿಯ ಉಮಾನಾಥ ಕಾಫಿ ಲೋಟ ಎತ್ತಿ ತೋರಿಸಿದ. ನಿತ್ಯಾನಂದರು ಭರ್ಜರಿಯಾಗಿ ಸ್ವಾಗತ ಹೇಳಿ, ಇವತ್ತು ಟೀವಿ ಮ್ಯೂಟ್ ಮಾಡಿ, ನಮ್ಮ ಮೌರಿಸ್ ಹೇಳಿದ್ದನ್ನು ಕೇಳಿ ಎಂದು ಎಲ್ಲರನ್ನೂ ನಗಿಸಿದರು. ಒಂದೊಂದೇ ರಾಜ್ಯ ಕೇಳುತ್ತ ಹೋದರು. ಒಹಾಯೊ? ಕೆಂಪು ಎಂದ ಮೌರಿಸ್. ಟೆಕ್ಸಸ್? ಕೆಂಪು. ಫ್ಲೋರಿಡಾ? ಅದೂ ಕೆಂಪೇ. ಯಾಕೆ, ಹೇಗೆ ಎಂದು ಅವನು ಹೇಳಲಿಲ್ಲ. ಹಿಂದೆಲ್ಲ ಒಂದು ರಾಜ್ಯಕ್ಕೆ ಕಾಲು ಗಂಟೆ ಕೊರೆಯುತ್ತಿದ್ದವನು ಇಷ್ಟು ಚುಟುಕಾಗಿ ಮುಗಿಸಿದ್ದು ಕಂಡು ನಿತ್ಯಾನಂದರಿಗೆ ಸ್ವಲ್ಪ ಕಸಿವಿಸಿಯಾಯಿತು.

"ಆಯ್ತು, ಈಗ ಅಸಲಿಗೆ ಬರುವ," ಎಂದರು ಅವರು. "ಪೆನ್ಸಿಲ್ವೇನಿಯ ಯಾವ ಕಡೆ ಮಾರಾಯ್ರೆ?"

ಮೌರಿಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಗೊತ್ತಿಲ್ಲ ಡಾಕ್ಟ್ರೇ. ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮೌರಿಸನ ತಂಗಿ ಎಲ್ಲಿರುವುದೆಂದು ಗೊತ್ತಿದ್ದ ನಿತ್ಯಾನಂದರು ಏನೋ ಹೇಳಲು ಬಾಯಿ ತೆರೆದವರು, ಅವನ ಮುಖ ನೋಡಿ, ಸರಿ ಸರಿ, ಮಿಷಿಗನ್‌ಗೆ ಹೋಗುವ ಎಂದರು. ಆ ಬಳಿಕ ಮಾತು ಬೇರೆಯವರ ಬಾಯಿಗೆ ಹೋಯಿತು. ಹತ್ತು ಗಂಟೆಗೆ ಎಲ್ಲರೂ ಕೈ ಬೀಸಿ ಹೊರಟುಹೋದರು.

ಪಕ್ಕದಲ್ಲಿಟ್ಟಿದ್ದ ಫೋನು ನಡುಗತೊಡಗಿತು. ಪರದೆಯ ಮೇಲೆ ಕ್ರಿಸ್ಟಿಯ ಹೆಸರು, ಇದೇ ಮನೆಯ ಬಾಲ್ಕನಿಯಲ್ಲಿ ನಾಲಗೆ ಚಾಚಿ ನಿಂತ ಅವಳ ಹಳೆಯ ಫೋಟೊ. ಅಲ್ಲಿ ಮತದಾನ ಮುಗಿದಿತ್ತು. ಫೋನು ನಡುಗುತ್ತ ನಡುಗುತ್ತ ಮಡಚಿಟ್ಟ ನಕ್ಷೆಯ ಮೇಲೆ ಒಂದಿಷ್ಟು ಸರಿದು ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಡುಗಿತು. ಅನ್ನಿ ಬಾಗಿಲಿಗೆ ಬಂದು ನಿಂತು, "ಎತ್ತಿ ಮಾರಾಯ್ರೆ, ಹುಡುಗಿ ಕಾಯ್ತಾಳೆ," ಎಂದಳು. ಮೌರಿಸ್ ಕೈ ಚಾಚಲಿಲ್ಲ. ಎರಡನೆಯ ಸಲವೂ ಅದು ತಾನಾಗಿಯೇ ನಿಂತಿತು.

ಹೀಗೆ ಕೂತಿದ್ದಾಗ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಬಾಲ್ಕನಿಯ ಬೆಳಕಿನಲ್ಲಿ ಅವನ ಮುಖ ಅದರೊಳಗೆ ಮೂಡಿತು. ಪರದೆಯ ಮೇಲುಭಾಗದಲ್ಲಿ ಬೆರಳಿನಿಂದ ಎಳೆದ ಹಾಗೆ ತೆಂಗಿನ ಹಾಲಿನ ಒಂದು ಬಿಳಿ ಕಲೆ ಒಣಗಿ ಅಂಟಿಕೊಂಡಿತ್ತು, ಅಲ್ಲಿಂದ ಒಂದು ಸಣ್ಣ ಗೆರೆ ಕೀಗಳ ಕಡೆ ಇಳಿದಿತ್ತು. ಇಷ್ಟು ದಿನ ಬೆಳಗಿದ ಪರದೆಯಲ್ಲಿ ಅದು ಕಂಡಿರಲಿಲ್ಲ. ಮೌರಿಸ್ ಎದ್ದು ಹೋಗಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ತಂದ. ಒರೆಸಲು ಬಾಗಿದಾಗ ಆ ಕಲೆ ಸರಿಯಾಗಿ ಅವನ ಹಣೆಯ ಮೇಲೆಯೇ ಬಂದು ಕೂತಿತು. ಕೈಯ ಬಟ್ಟೆಯಿಂದ ನೀರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಬಾಗಿದವನು ಬಾಗಿಯೇ ಇದ್ದ.