ಬಾಲದ ಕಡೆಯ ಮರ್ಯಾದೆ

ಮರದ ವಿಮಾನದೊಳಗೆ ಕೂತು ಸೋಲ್ವೈ ಕಾಲು ಚಾಚಿದರು. ಅದಕ್ಕೆ ರೆಕ್ಕೆಯಿಲ್ಲ, ಎಂಜಿನ್ ಇಲ್ಲ. ಸೀಟು ಜೋಡಿಸಿದರೆ ಹೇಗೆ ಕಾಣುತ್ತದೆಂದು ಗಿರಾಕಿಗಳಿಗೆ ತೋರಿಸಲು ಹ್ಯಾಂಬರ್ಗ್‌ನ ವಿಮಾನ ಸೀಟಿನ ಕಾರ್ಖಾನೆಯವರು ಕಟ್ಟಿಟ್ಟ ಬರೀ ಕೊಳವೆ. ಸೋಲ್ವೈ ನಾರ್ವೆಯ ಪುಟ್ಟ ವಿಮಾನ ಕಂಪನಿಯೊಂದರ ಒಡತಿ. ಅವರ ಹಳೆಯ ಪ್ರೊಪೆಲ್ಲರ್ ವಿಮಾನಕ್ಕೆ ಎರಡು ದರ್ಜೆಯ ಹೊಸ ಸೀಟು ಬೇಕಿತ್ತು. ಇವತ್ತು ಅವರು ಒಪ್ಪಿದ ನಕ್ಷೆಯೇ ಗಟ್ಟಿ.

ಗೋಡೆಯ ಮೇಲೆ ಎರಡು ನಕ್ಷೆಗಳಿದ್ದವು. ವಿಭಾಗದ ಮುಖ್ಯಸ್ಥ ಡೆಟ್ಲೆಫ್ ಅವರದರಲ್ಲಿ ದುಬಾರಿ ಸೀಟು ಮೂತಿಯ ಕಡೆ. ಅವರ ಕೈಕೆಳಗಿನ ಇಂಜಿನಿಯರ್ ಫ್ರೌಕೆಯದರಲ್ಲಿ ಬಾಲದ ಕಡೆ. ಅವಳು ಒಬ್ಬಳೇ ಬರೆದ ಮೊದಲ ನಕ್ಷೆ ಅದು.

"ದೊಡ್ಡ ಮನುಷ್ಯರು ಮುಂದೆ, ಮಿಕ್ಕವರು ಹಿಂದೆ. ಇದಕ್ಕೂ ಇಂಜಿನಿಯರಿಂಗ್ ಓದ್ಬೇಕಾ, ಫ್ರೌಕೆ?" ಅಂದರು ಡೆಟ್ಲೆಫ್.

"ಯಾಕೆ ಮುಂದೆ ಅಂತ ನೋಡಿ ಡೆಟ್ಲೆಫ್. ಜೆಟ್‌ನಲ್ಲಿ ಎಂಜಿನ್ ಸದ್ದು ಹಿಂದಕ್ಕೆ ಹೋಗುತ್ತೆ, ಹತ್ತೋ ಬಾಗಿಲು ಮುಂದಿರುತ್ತೆ. ನೆಮ್ಮದಿ ಇರೋ ಕಡೆ ದುಡ್ಡು ಹೋಗಿ ಕೂತ್ಕೊಳ್ತು, ಅಷ್ಟೆ. ಈ ವಿಮಾನದಲ್ಲಿ ಪ್ರೊಪೆಲ್ಲರ್ ತಿರುಗೋದೇ ಮುಂದಿನವರ ಕಿವಿ ಪಕ್ಕ. ಬಾಗಿಲು ಬಾಲದಲ್ಲಿದೆ. ಇಲ್ಲಿ ನೆಮ್ಮದಿ ಹಿಂದೆ."

"ಹಿಂದೆ ಪಾಯಿಖಾನೆನೂ ಇದೆ," ಎಂದು ಸೋಲ್ವೈ ನಕ್ಕರು. "ಹೆಚ್ಚು ದುಡ್ಡು ಕೊಟ್ಟವರು ಅದರ ಬಾಗಿಲು ಕಾಯ್ಬೇಕಾ? ನಂಗೇನೋ ಇಲ್ಲಿ ಮುಂದೇನೇ ಹಾಯಾಗಿದೆ. ಎಷ್ಟು ನಿಶ್ಶಬ್ದ!"

ಡೆಟ್ಲೆಫ್ ಸಹಿಗೆಂದು ಪೆನ್ನು ತೆಗೆದರು.

ನಿಶ್ಶಬ್ದ. ಆ ಮಾತು ಕೇಳಿದ್ದೇ ಫ್ರೌಕೆಗೆ ಥಟ್ಟನೆ ಹೊಳೆಯಿತು. ಇಷ್ಟು ದಿನ ಎಲ್ಲರೂ ಇದೇ ಕೊಳವೆಯಲ್ಲಿ ಕೂತು ಬಟ್ಟೆಯ ಬಣ್ಣ, ಮೊಣಕಾಲಿನ ಜಾಗ, ಪರದೆಯ ನೆರಿಗೆ ನೋಡಿದ್ದರು. ಸದ್ದೇ ಮಾಡದ ವಿಮಾನದಲ್ಲಿ ಕೂತು ಸದ್ದಿನ ಬಗ್ಗೆ ವಾದಿಸಿದ್ದರು. ಅವಳೂ ಸೇರಿ.

"ಸೋಲ್ವೈ, ನಿಮ್ಮ ವಿಮಾನ ಹೊರಗೇ ನಿಂತಿದೆ. ಈಗ ಎಂಜಿನ್ ಪರೀಕ್ಷೆ ಶುರು ಮಾಡ್ತಾರೆ. ಕಾಫಿ ಹಿಡ್ಕೊಂಡೇ ಬನ್ನಿ!"

"ನಿಮಗೇನು ಹುಚ್ಚಾ, ಫ್ರೌಕೆ?" ಅಂದರು ಡೆಟ್ಲೆಫ್. ಸೋಲ್ವೈ ಆಗಲೇ ಎದ್ದಿದ್ದರು.

ಎಲ್ಬೆ ನದಿಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಫ್ರೌಕೆ ಹೆಚ್ಚುಕಮ್ಮಿ ಓಡಿದಳು. ಮೆಕ್ಯಾನಿಕ್‌ಗಳಿಗೆ ಹೇಳಿ ಮೂವರೂ ಬಾಲದ ಬಾಗಿಲಿಂದ ಹತ್ತಿದರು. ಡೆಟ್ಲೆಫ್, ಸೋಲ್ವೈ ಮುಂದಿನ ಸಾಲಿಗೆ ನಡೆದರು. ಫ್ರೌಕೆ ಕೊನೆಯ ಸಾಲಿನಲ್ಲಿ ಕೂತು ಬೆಲ್ಟ್ ಬಿಗಿದಳು.

ಪ್ರೊಪೆಲ್ಲರ್ ಒಮ್ಮೆ ಕೆಮ್ಮಿ ತಿರುಗಿತು. ಆಮೇಲೆ ಅಬ್ಬರಿಸಿತು. ಕಿಟಕಿ ನಡುಗಿತು, ಸೀಟು ನಡುಗಿತು, ಸೋಲ್ವೈಯವರ ಲೋಟದ ಕಾಫಿ ಕುಣಿದು ಅಂಚು ದಾಟಿತು.

ಡೆಟ್ಲೆಫ್ ಏನೋ ಹೇಳಿದರು.

"ಏನು?" ಎಂದು ಸೋಲ್ವೈ ಕಿವಿಗೆ ಕೈ ಹಿಡಿದರು.

"ಸದ್ದು ಅಷ್ಟೇನೂ ಇಲ್ಲ ಅಂದೆ!" ಎಂದು ಡೆಟ್ಲೆಫ್ ಗಂಟಲು ಹರಿಯುವಂತೆ ಕೂಗಿದರು. ಕೂಗಿದ ಮೇಲೆ ತಾವೇ ಬಾಯಿ ಮುಚ್ಚಿಕೊಂಡರು.

ಎಂಜಿನ್ ವೇಗ ತಗ್ಗಿದಾಗ ಫ್ರೌಕೆ ಕೈಬೀಸಿ ಕರೆದಳು. ಇಬ್ಬರೂ ಹಿಂದೆ ಬಂದು ಕೂತರು. ಮತ್ತೆ ಅಬ್ಬರ ಏರಿತು. ಆದರೆ ಇಲ್ಲಿ ಅದು ಪಕ್ಕದ ಬೀದಿಯ ಗಲಾಟೆಯಂತೆ ದೂರದಲ್ಲೇ ಉಳಿಯಿತು. ಕಾಫಿಯಲ್ಲಿ ತೆಳ್ಳನೆಯ ಅಲೆಯಷ್ಟೇ.

"ಕೇಳ್ತಿದೆಯಾ?" ಎಂದಳು ಫ್ರೌಕೆ, ಮಾಮೂಲಿ ದನಿಯಲ್ಲಿ.

"ಕೇಳ್ತಿದೆ," ಎಂದರು ಸೋಲ್ವೈ. ಕಾಫಿ ಕುಡಿದರು. ಮುಂದೆ ನೋಡಿದರು, ಹಿಂದೆ ಪಾಯಿಖಾನೆಯ ಬಾಗಿಲು ನೋಡಿದರು.

"ನಿಮ್ಮ ನಕ್ಷೆಗೇ ಸಹಿ ಹಾಕ್ತೀನಿ, ಫ್ರೌಕೆ. ಒಂದೇ ತಿದ್ದುಪಡಿ. ಪಾಯಿಖಾನೆನ ಪ್ರೊಪೆಲ್ಲರ್ ಪಕ್ಕಕ್ಕೆ ಸಾಗಿಸಿ. ಅಲ್ಲಾದ್ರೆ ಒಳಗೆ ಏನು ನಡೆದ್ರೂ ಹೊರಗೆ ಕೇಳಿಸಲ್ಲ."

ಡೆಟ್ಲೆಫ್ ಜೋರಾಗಿ ನಕ್ಕರು. ಆ ನಗು ಎಲ್ಲರಿಗೂ ಚೆನ್ನಾಗಿ ಕೇಳಿಸಿತು.