ಅತಿ ಸಣ್ಣ ರಾಜ್ಯದ ಕಾಫಿ ಹಾಲು

ನಾಲ್ಕನೇ ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ರಾಜ್ಯವೆಂದು ಚೀಟಿ ಎತ್ತಿದಾಗ ನನ್ನ ಮಗಳು ಲಾಸ್ಯಾಗೆ ಬಂದದ್ದು ರೋಡ್ ಐಲೆಂಡ್, ಅಮೆರಿಕದ ಅತಿ ಸಣ್ಣ ರಾಜ್ಯ. ಹವಾಯಿ ಬಂದಿದ್ದರೆ ಅನಾನಸ್ ಹೆಚ್ಚಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ರಾಜ್ಯದ ಬಗ್ಗೆ ಸ್ವಾರಸ್ಯದ ಸಂಗತಿ ಹೇಳಬೇಕು, ಅಲ್ಲಿಯದೊಂದು ತಿನಿಸು ತರಬೇಕು, ಗುರುವಾರ ಅಪ್ಪ ಅಮ್ಮಂದಿರೂ ಬರಬೇಕು. ಇದನ್ನು ಮಹಾರಾಯ್ತಿ ನನಗೆ ಹೇಳಿದ್ದು ಸೋಮವಾರ ಸಂಜೆ.

ನನ್ನ ಗಂಡ ಹರಿ ಫೋನು ಹಿಡಿದು ಕೂತ. "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಮಾಲಾ," ಎಂದ. ಬ್ರಿಟಿಷ್ ರಾಜನಿಗೆ ಮೊದಲು ಸೆಡ್ಡು ಹೊಡೆದದ್ದೂ ಇದೇ ರಾಜ್ಯವಂತೆ, ಮೊದಲಿನ ಹದಿಮೂರು ರಾಜ್ಯಗಳಲ್ಲಿ ಕಟ್ಟಕಡೆಗೆ ಸಂವಿಧಾನ ಒಪ್ಪಿದ್ದೂ ಇದೇ ಅಂತೆ. ಹಟಮಾರಿತನ ನಮ್ಮ ಮನೆಗೆ ಸರಿಯಾಗಿದೆ ಅಂದುಕೊಂಡೆ. ಅಲ್ಲಿಯ ತಿನಿಸೋ, ಬರೀ ಸಮುದ್ರದ ಚಿಪ್ಪಿನೊಳಗಿನ ಮಾಂಸ. ಕೊನೆಗೆ ಸಿಕ್ಕಿದ್ದು ರಾಜ್ಯದ ಅಧಿಕೃತ ಪಾನೀಯ: ತಣ್ಣನೆ ಹಾಲಿಗೆ ಕಾಫಿ ಸಿರಪ್. ನನಗೆ ನಗು ಬಂತು. ಮೈಸೂರಿನಲ್ಲಿ ನಮ್ಮಮ್ಮ ನನಗೆ ಹಾಲಿಗೆ ಎರಡು ಚಮಚ ಡಿಕಾಕ್ಷನ್ ಬೆರೆಸಿ ಕೊಡುತ್ತಿದ್ದದ್ದು ಇನ್ನೇನು?

"ಇದು ನಮ್ದೇ ಕಣೆ ಪುಟ್ಟಿ," ಎಂದೆ.

ಲಾಸ್ಯಾ ಪೆನ್ಸಿಲ್ ಕೆಳಗಿಟ್ಟಳು. "ಅಮ್ಮಾ, ನಾಟ್ ಎವ್ರಿಥಿಂಗ್ ಈಸ್ ಅವರ್ಸ್."

ಹೋದ ವರ್ಷ ಕ್ಲಾಸಿಗೆ ನನ್ನ ಪುಳಿಯೋಗರೆ ಒಯ್ದಾಗ ಒಬ್ಬ ಹುಡುಗ ಮೂಗು ಮುಚ್ಚಿಕೊಂಡಿದ್ದ. ಅವಳು ಅದನ್ನು ಮರೆತಿಲ್ಲ. ಈ ಸಲ ಅಂಗಡಿಯ ಬಾಟಲಿಯೇ ಬೇಕು, ಮನೆಯದೇನೂ ಬೇಡ ಎಂದು ಅಳುವುದಕ್ಕೇ ಶುರುಮಾಡಿದಳು.

ನಮ್ಮೂರು ವುಡ್‌ಬ್ರಿಡ್ಜಿನ ನಾಲ್ಕು ಅಂಗಡಿ ಸುತ್ತಿದೆ. ಚಾಕೊಲೇಟ್ ಸಿರಪ್ ಇತ್ತು, ಸ್ಟ್ರಾಬೆರಿ ಇತ್ತು, ಕಾಫಿಯದಿಲ್ಲ. ಆನ್‌ಲೈನಿನಲ್ಲಿ ಶುಕ್ರವಾರ ಬರುತ್ತದಂತೆ. ಸುಡುಗಾಡು ಶುಕ್ರವಾರ. ಬುಧವಾರ ಆಫೀಸು ಮುಗಿಸಿ ಬಂದವಳೇ ಫಿಲ್ಟರಿಗೆ ಪುಡಿ ಒತ್ತಿ, ಡಿಕಾಕ್ಷನ್ ಇಳಿಸಿ, ಸಕ್ಕರೆ ಸುರಿದು ಪಾಕ ಬರುವವರೆಗೆ ಕುದಿಸಿದೆ. ಉಕ್ಕಿ ಒಲೆಯೆಲ್ಲ ಅಂಟಾಯಿತು. ಲಾಸ್ಯಾ ಬಂದು ಮೂಸಿ ನೋಡಿ, ಮನೆಯಲ್ಲಿ ಮಾಡಿದ್ದೆಂದು ಯಾರಿಗೂ ಹೇಳಬೇಡ ಎಂದಷ್ಟೇ ಹೇಳಿ ಹೋದಳು. ನನ್ನ ಮೈಯೆಲ್ಲ ಉರಿಯಿತು.

ಗುರುವಾರ ಮಕ್ಕಳು ಗಟಗಟನೆ ಕುಡಿದರು. ಮೂಗು ಮುಚ್ಚಿಕೊಂಡಿದ್ದವನು ಎರಡನೇ ಸಲ ಲೋಟ ಚಾಚಿದ. ಟೀಚರ್ ಪೂರ್ತಿ ಲೋಟ ಮುಗಿಸಿ, ಇದು ಎಲ್ಲಿ ಸಿಕ್ಕಿತು ಎಂದು ಕೇಳಿದರು.

"ಫ್ರಮ್ ರೋಡ್ ಐಲೆಂಡ್," ಎಂದಳು ಲಾಸ್ಯಾ.

ಟೀಚರ್ ನನ್ನತ್ತ ತಿರುಗಿದರು. ಮಗಳೂ ತಿರುಗಿದಳು. ಅವಳ ಕಿವಿ ಕೆಂಪಾಗಿತ್ತು. ಹೌದು ಎಂದೆ. ನನ್ನ ಕಾಫಿಯನ್ನು ನನ್ನ ಬಾಯಿಂದಲೇ ಪರರಿಗೆ ಧಾರೆ ಎರೆದುಬಿಟ್ಟೆ. ತಮಗೂ ಒಂದು ಬಾಟಲಿ ತರಿಸಿಕೊಡಬಹುದೇ ಎಂದು ಟೀಚರ್ ಕೇಳಿದರು.

ಶನಿವಾರ ಬೈದುಕೊಳ್ಳುತ್ತಲೇ ಮತ್ತೆ ಒಲೆ ಮುಂದೆ ನಿಂತೆ. ಬಾಟಲಿ ತುಂಬಿದ ಮೇಲೆ ಲಾಸ್ಯಾ ಬಣ್ಣದ ಪೆನ್ನಿನಲ್ಲಿ ಚೀಟಿ ಬರೆದು ಅಂಟಿಸಿದಳು: ‘ಮಾಲಾಸ್ ಕಾಫಿ ಸಿರಪ್, ರೋಡ್ ಐಲೆಂಡ್’. ನನ್ನ ಹೆಸರು ಯಾಕೆ ಹಾಕಿದೆ ಎಂದು ಕೇಳಿದೆ.

"ಬಿಕಾಸ್ ಯು ಮೇಡ್ ಇಟ್," ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಹಾಗಾದರೆ ಊರಿನ ಹೆಸರು ವುಡ್‌ಬ್ರಿಡ್ಜ್ ಅಂತ ಬರಿ ಎಂದೆ. ಅವಳು ಸ್ವಲ್ಪ ಯೋಚಿಸಿ, ಬೇಡವೆಂದು ತಲೆ ಅಲ್ಲಾಡಿಸಿದಳು. ನಾನು ಕಾಲಿಟ್ಟೇ ಇಲ್ಲದ ಆ ರಾಜ್ಯದವಳಾಗಿ, ಒದ್ದೆ ಬಟ್ಟೆ ತೆಗೆದುಕೊಂಡು ಒಲೆ ಒರೆಸತೊಡಗಿದೆ.