ಅಕ್ಕನ ಗಿಟಾರಿಗೆ ಉಳಿ ಇಟ್ಟದ್ದು

ಅಕ್ಕನ ಎಲೆಕ್ಟ್ರಿಕ್ ಗಿಟಾರಿನ ಬೆನ್ನಿಗೆ ಉಳಿ ಇಡುವ ಮೊದಲು ಬಡಗಿ ಎರಡು ಸಲ ಕೈ ತೊಳೆದುಕೊಂಡ. ಕೈ ಕೊಳೆಯಾಗಿರಲಿಲ್ಲ, ಧೈರ್ಯ ಸಾಲದಾಗಿತ್ತು.

ಕುರ್ಚಿ, ಕಪಾಟುಗಳನ್ನು ಅವನು ಲೆಕ್ಕವಿಲ್ಲದಷ್ಟು ಮಾಡಿದ್ದ. ಆದರೆ ಇದು ಅಕ್ಕ ಹರೆಯದಲ್ಲಿ ಕೊಂಡ ಗಿಟಾರು. ಅವಳ ಮೊಳಕೈ ತಾಗಿ ತಾಗಿ ಕೆಂಪು ಬಣ್ಣ ಸವೆದು ಒಂದು ಕಡೆ ಮರ ಕಾಣುತ್ತಿತ್ತು. ಒಳಗೆಲ್ಲ ಗಟ್ಟಿ ಮರ, ಕಲ್ಲಿನಂಥ ಭಾರ. ಮೆಟ್ಟಿಲಿನಿಂದ ಜಾರಿ ಬಿದ್ದು ಎಡಭುಜದ ಮೂಳೆ ಮುರಿದಾಗಿನಿಂದ ಅದನ್ನು ಹೆಗಲಿಗೆ ಹಾಕಿಕೊಂಡರೆ ಒಂದು ಹಾಡು ಮುಗಿಯುವುದರೊಳಗೆ ಅಕ್ಕ ಮುಖ ಹಿಂಡುತ್ತಿದ್ದಳು. ಅವಳು ನುಡಿಸುವ ತಂಡದವರು ಶನಿವಾರದವರೆಗೆ ಕಾಯುತ್ತೇವೆ ಎಂದಿದ್ದರು. ಆಮೇಲೆ ಅವಳ ಜಾಗಕ್ಕೆ ಬೇರೆ ಯಾರೋ.

"ಕೂತ್ಕೊಂಡೇ ನುಡಿಸಬಹುದಲ್ಲಕ್ಕಾ," ಎಂದು ಕೇಳಿದ್ದ.

"ಕೂತ್ರೆ ಕಾಲು ಸುಮ್ಮನಿರುತ್ತೆ. ಕಾಲು ಸುಮ್ಮನಿದ್ರೆ ಕೈ ನಿದ್ದೆ ಹೊಡೆಯುತ್ತೆ."

"ಹಗುರದ್ದು, ಹೊಸದು ಒಂದು..."

"ಇದು ನನ್ನ ಮಾತು ಕೇಳೋದನ್ನ ಕಲಿಯೋಕೇ ಇಷ್ಟು ವರ್ಷ ಹಿಡೀತು. ನಿನ್ನ ಭಾವ ಇನ್ನೂ ಕಲಿತಿಲ್ಲ. ಹೊಸದರ ಜೊತೆ ಮೊದಲಿಂದ ಯಾರು ಏಗ್ತಾರೆ? ಬೆನ್ನು ಕೊರೆದು ಹಗುರ ಮಾಡು, ಪುಟ್ಟ."

ಐವತ್ತು ದಾಟಿದ್ದರೂ ಅಕ್ಕನಿಗೆ ಅವನು ಪುಟ್ಟನೇ.

"ದನಿ ಕೆಟ್ಟರೆ?"

"ಕೆಟ್ಟರೆ ಕಿವಿ ಹಿಂಡ್ತೀನಿ. ಶುರು ಮಾಡು."

ಮೊದಲು ಸುಲಭದ ಕೆಲಸಗಳನ್ನೇ ಹುಡುಕಿಕೊಂಡ. ತಿರುಗಿಸಿದರೆ ಕರಕರ ಎನ್ನುತ್ತಿದ್ದ ಗುಂಡಿಗಳನ್ನು ಶುಚಿ ಮಾಡಿದ. ಕಿತ್ತುಬಂದಿದ್ದ ವೈರಿಗೆ ಬೆಸುಗೆ ಹಾಕಿದ. ತುಕ್ಕು ಹಿಡಿದ ಸ್ಕ್ರೂಗಳನ್ನು ಬದಲಿಸಿದ. ನೆಪಗಳೆಲ್ಲ ಮುಗಿದಾಗ ಉಳಿ ಎತ್ತಿದ. ಸ್ವಲ್ಪ ಕೆತ್ತುವುದು, ಬೆರಳಿನಿಂದ ತಟ್ಟಿ ಕಿವಿಗೊಡುವುದು, ಮತ್ತೆ ಸ್ವಲ್ಪ. ಮುಂದಿನ ಸವೆದ ಜಾಗವನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಟೊಳ್ಳಾದ ಬೆನ್ನಿಗೆ ತೆಳ್ಳನೆಯ ಹಲಗೆ ಅಂಟಿಸಿ ತಂತಿ ಬಿಗಿದ.

ಶುಕ್ರವಾರ ಸಂಜೆ ಅಕ್ಕ ಬಂದಳು. ಗಿಟಾರಿನ ಪಟ್ಟಿ ಹೆಗಲಿಗೇರಿಸಿದ್ದೇ ಅವಳ ಮುಖ ಅರಳಿತು.

"ಅಯ್ಯೋ, ಹತ್ತಿ ಕಣೋ ಇದು!"

ತಂತಿ ಮೀಟುತ್ತಾ ಎಡಗೈ ಸಡಿಲಿಸಿದ್ದೇ ತಡ, ಗಿಟಾರಿನ ಉದ್ದನೆಯ ಕತ್ತು ನೆಲದ ಕಡೆ ವಾಲಿತು. ಎತ್ತಿದಳು. ಮತ್ತೆ ವಾಲಿತು.

ಬಡಗಿಗೆ ತಪ್ಪು ಹೊಳೆಯಿತು. ಒಡಲಿನ ಭಾರ ಇಳಿಸಿದ್ದ, ಕತ್ತಿನ ಭಾರ ಹಾಗೇ ಉಳಿದಿತ್ತು. ತಕ್ಕಡಿಯ ಒಂದೇ ತಟ್ಟೆ ಖಾಲಿ ಮಾಡಿದಂತಾಗಿತ್ತು. ಇನ್ನು ಕತ್ತನ್ನು ಎತ್ತಿ ಹಿಡಿಯಬೇಕಾದದ್ದು ಆ ನೋಯುವ ಭುಜದ ಕೈಯೇ. ಕೆತ್ತಿದ ಮರ ಚಕ್ಕೆಯಾಗಿ ಅವನ ಕಾಲ ಬಳಿ ಬಿದ್ದಿತ್ತು, ತಿರುಗಿ ಅಂಟಿಸುವಂಥದ್ದಲ್ಲ.

"ಹಾಳು ಮಾಡಿಬಿಟ್ಟೆನಕ್ಕಾ."

"ಅಳುಮುಂಜಿ, ಬಾ ಇಲ್ಲಿ. ಇದರ ತಲೆ ಹಿಡ್ಕೋ."

ಕತ್ತಿನ ತುದಿಯಲ್ಲಿದ್ದ ತಲೆಯ ಕೆಳಗೆ ಅವನು ಒಂದು ಬೆರಳು ಕೊಟ್ಟು ನಿಂತ. ಅಕ್ಕ ನುಡಿಸಿದಳು. ಅವನು ಕಿವಿಗೊಟ್ಟು ಕೇಳಿದ. ಅದೇ ಹಳೆಯ ದನಿ, ನೆಗಡಿಯಾದವರ ಗಂಟಲಿನಂತೆ ಒಂಚೂರು ಕಟ್ಟಿದ ದನಿ. ಅಕ್ಕನ ಕಾಲು ತಾಳ ಹಾಕತೊಡಗಿತು.

"ದನಿ ಎಲ್ಲೂ ಹೋಗಿಲ್ಲ ಕಣೋ. ನಾಳೆ ಎಲ್ಲರೆದುರಿಗೂ ಹೀಗೇ ನಿಂತ್ಕೊಂಡಿರ್ತೀಯಾ?"

"ನಿಂತ್ಕೋತೀನಿ," ಎಂದ, ತಮಾಷೆಯೆಂದು ತಿಳಿಯದೆ.

ಅಕ್ಕ ನಕ್ಕಳು. ಅವನು ಮಾತ್ರ ತನ್ನ ಬೆರಳನ್ನೇ ನೋಡುತ್ತಿದ್ದ. ಒಂದು ಬೆರಳು ಸಾಕಾಗಿತ್ತು. ಹಾಗಾದರೆ ಪಟ್ಟಿಯ ತುದಿ ಒಡಲಿನಲ್ಲಿ ಯಾಕಿರಬೇಕು? ಈ ಬೆರಳು ಇರುವಲ್ಲೇ ಇರಬಾರದೇ?

ಬಗ್ಗಿ ತನ್ನ ಶೂ ದಾರ ಬಿಚ್ಚಿದ. ಪಟ್ಟಿಯ ಮುಂದಿನ ತುದಿಯನ್ನು ಒಡಲಿನಿಂದ ಕಳಚಿ, ಆ ದಾರದಿಂದ ಗಿಟಾರಿನ ತಲೆಗೆ ಕಟ್ಟಿದ. ಕಟ್ಟಿದ್ದು ಸಾಲದೆಂದು ಇನ್ನೊಂದು ಗಂಟು ಹಾಕಿದ.

ಅಕ್ಕ ಎಡಗೈ ಬಿಟ್ಟಳು. ಕತ್ತು ಅಲುಗಲಿಲ್ಲ. ಭುಜ ಕುಣಿಸಿ ನೋಡಿ, ಮುಖ ಹಿಂಡದೆ, ಮೊದಲಿನಿಂದ ಹಾಡು ಹಿಡಿದಳು. ಅರ್ಧ ಹಾಡಾದ ಮೇಲೆ ಪಕ್ಕಕ್ಕೆ ನೋಡಿದರೆ ತಮ್ಮನ ಬೆರಳು ಇನ್ನೂ ಅಲ್ಲೇ ಇತ್ತು.

"ತೆಗಿಯೋ, ತಾನಾಗೇ ನಿಂತಿದೆ."

"ಹಾಡು ಮುಗೀಲಿ," ಎಂದ ಬಡಗಿ, ದಾರವಿಲ್ಲದ ಶೂನಲ್ಲಿ ನಿಂತುಕೊಂಡೇ.